ಮಸಗುಪ್ಪಿ ಕ್ರಾಸಿನ ಚುಕ್ಕಿ

ನವೆಂಬರ್ 12, ಬೆಳಿಗ್ಗೆ 5.10, ಡಿಪೋ

ಟಿಕೆಟ್ ಮಷಿನ್ ಸಿಕ್ಕಿತು. ಚಾರ್ಜ್ ಎಪ್ಪತ್ತು ಪರ್ಸೆಂಟ್. ಮಧ್ಯಾಹ್ನ ಕೈಕೊಡುವುದು ಗ್ಯಾರಂಟಿ. ಪೇಪರ್ ರೋಲ್ ಎರಡೇ. ಮೂರು ಕೇಳಿದ್ದಕ್ಕೆ ಸ್ಟೋರಿನವ ಅವರಪ್ಪನ ಮನೆ ಗಂಟು ಹೋದ ಹಾಗೆ ಮುಖ ಮಾಡಿದ. ಇವತ್ತೂ ಅದೇ ಡ್ಯೂಟಿ — ಗೋಕಾಕ–ಮೂಡಲಗಿ ಎರಡು ಟ್ರಿಪ್, ಊಟದ ನಂತರ ಹುಕ್ಕೇರಿ ಒಂದು. ಡ್ರೈವರ್ ಮಾಲಿಂಗಪ್ಪ ಕಾಕಾ ಟೈರಿಗೆ ಒದ್ದು ನೋಡುತ್ತಿದ್ದಾರೆ. ದಿನಾ ಒದೆಯುತ್ತಾರೆ. ಟೈರ್ ಇವತ್ತಿನವರೆಗೂ ಏನೂ ಹೇಳಿಲ್ಲ.

ಹೊರಡುವ ಮುಂಚೆ ನನ್ನದೊಂದು ಪೂಜೆ ಇದೆ. ಫೋನಿನಲ್ಲಿ ಲೊಕೇಶನ್ ಆನ್ ಮಾಡುವುದು. ಮ್ಯಾಪ್ ತೆರೆದರೆ ಮೂರು ಚುಕ್ಕಿ. ಮಸಗುಪ್ಪಿಯಲ್ಲಿ ರಾಜೇಶ್ವರಿ, ಹುಕ್ಕೇರಿಯಲ್ಲಿ ಶೋಭಾ, ಡಿಪೋದಲ್ಲಿ ನಾನು. ಪಿಯುಸಿ ಓದುವಾಗ ಗೋಕಾಕಿನ ಹಾಸ್ಟೆಲಿನಲ್ಲಿ ಮೂವರಿಗೂ ಒಂದೇ ರೂಮು, ಒಂದೇ ಬಕೆಟ್. ಆಮೇಲೆ ಹದಿನಾಲ್ಕು ವರ್ಷ ‘ಸಿಗೂಣು, ಸಿಗೂಣು’ ಅನ್ನುವುದರಲ್ಲೇ ಹೋಯಿತು. ಮೂರು ವರ್ಷದ ಹಿಂದೆ ನನ್ನ ಗಂಡ ಮಲ್ಲೇಶ ತೀರಿಕೊಂಡಾಗ ಇಬ್ಬರೂ ಬಂದಿದ್ದರು. ಅದೇ ಕೊನೆ. ಮತ್ತೆ ಬರೀ ಫೋನು.

ಈ ಆಗಸ್ಟಿನಲ್ಲಿ ಶೋಭಾ ಈ ಚುಕ್ಕಿ ಹಂಚಿಕೊಳ್ಳುವ ಉಪಾಯ ಹುಡುಕಿದಳು. ರೂಲ್ ಒಂದೇ. ಕರೆಯುವಂತಿಲ್ಲ, ಕೇಳುವಂತಿಲ್ಲ. ಚುಕ್ಕಿ ಹತ್ತಿರ ಬಂತು, ಕೈ ಖಾಲಿ ಇತ್ತು — ಬಂದು ನಿಲ್ಲುವುದು. ಬರಲಾಗದಿದ್ದರೆ ಯಾರೂ ಬೇಜಾರು ಮಾಡಿಕೊಳ್ಳುವಂತಿಲ್ಲ. ಮೂವರಲ್ಲಿ ತಿರುಗುವ ಚುಕ್ಕಿ ನನ್ನದೊಂದೇ. ಕಂಡಕ್ಟರ್ ಆಗಿದ್ದಕ್ಕೆ ಇದೊಂದು ಲಾಭ.

ಕಾಕಾ ಹಾರ್ನ್ ಹಾಕಿದರು. ಹೊರಟೆ.


ನವೆಂಬರ್ 14, ಸಂಜೆ 7

ಬಸ್ಸು ನಾಗನೂರ ದಾಟುವಾಗಲೇ ನೋಡಿದೆ. ರಾಜಿಯ ಚುಕ್ಕಿ ಮನೆ ಬಿಟ್ಟಿತ್ತು. ಮಸಗುಪ್ಪಿ ಕ್ರಾಸಿನಲ್ಲಿ ಡಬ್ಬಿ ಹಿಡಿದು ನಿಂತಿದ್ದಳು. ಅವಳ ಅತ್ತೆ ಚನ್ನವ್ವ ಕಳಿಸಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ. ಆ ಮುದುಕಿಗೆ ನನ್ನ ಹೊಟ್ಟೆಯ ಮೇಲೆ ಬಹಳ ಅಂತಃಕರಣ.

“ಎಲ್ಲಿಗ್ರೀ?” ಅಂದೆ, ಮಷಿನ್ ಹಿಡಿದು, ಎಲ್ಲರ ಮುಂದೆ.

“ನೀವು ಒಯ್ದಲ್ಲಿಗ್ರಿ,” ಅಂದಳು.

“ಆಧಾರ್ ತೋರಸ್ರಿ.”

ತೋರಿಸಿದಳು. ಫೋಟೊ ನೋಡಿದರೆ ಸಾಕು, ಯಾರಾದರೂ ಮರುಗಿ ಫ್ರೀ ಟಿಕೆಟ್ ಕೊಡುತ್ತಾರೆ. ಮೂಡಲಗಿಗೆ ಒಂದು ಹರಿದು ಕೊಟ್ಟು, ಮುಂದಿನ ಸೀಟಿನಲ್ಲಿ ಕೂರಿಸಿದೆ. ಹೋಗುವಾಗ ಇಪ್ಪತ್ತು ನಿಮಿಷ, ಅದೇ ಬಸ್ಸಿಗೆ ವಾಪಸ್ ಇಪ್ಪತ್ತು ನಿಮಿಷ. ನಡುವೆ ಟಿಕೆಟ್ ಕೊಡಬೇಕು, ಚಿಲ್ಲರೆ ಕೊಡಬೇಕು, ಅರಭಾವಿ ಕಾಲೇಜಿನ ಹುಡುಗಿಯರ ಪಾಸ್ ನೋಡಬೇಕು. ಉಳಿದದ್ದರಲ್ಲಿ ಮಾತು.

ಇವತ್ತು ಮಾತಾಡಲಿಲ್ಲ. ನನ್ನ ಕೈ ಎಳೆದುಕೊಂಡು ಸೆರಗಿನ ಒಳಗೆ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

“ಐದ ತಿಂಗಳ, ಅನ್ನೂ. ಮನಿಯವರನ್ನ ಬಿಟ್ರ ನಿನಗ ಮೊದಲ ಹೇಳಾಕತ್ತೇನಿ.”

ಮದುವೆಯಾಗಿ ಹನ್ನೊಂದು ವರ್ಷ. ಎಷ್ಟು ಡಾಕ್ಟರು, ಎಷ್ಟು ಹರಕೆ, ಎಷ್ಟು ಮಂದಿಯ ಕೊಂಕು... ನಾನು ಸೀಟಿ ಊದುವುದನ್ನೇ ಮರೆತೆ. ಒಬ್ಬ ಅಜ್ಜ ಇಳಿಯುವ ಸ್ಟಾಪು ದಾಟಿಹೋಯಿತು. ಬೈದರು. ನಗುತ್ತ ಬೈಸಿಕೊಂಡದ್ದಕ್ಕೆ ಇನ್ನೊಮ್ಮೆ ಬೈದರು.

ಇಷ್ಟು ಸಂತೋಷ ಆಗಿ ಎಷ್ಟು ದಿನವಾಗಿತ್ತೋ.


ನವೆಂಬರ್ 28

ಲೋಳಸೂರ ಸೇತುವೆಯ ಮೇಲೆ ಕಬ್ಬಿನ ಟ್ರೇಲರ್ ಪಲ್ಟಿ. ಒಂದೂಕಾಲು ತಾಸು ಬಸ್ಸು ಅಲ್ಲಾಡಲಿಲ್ಲ. ಮ್ಯಾಪಿನಲ್ಲಿ ಸೇತುವೆ ಕಾಣುವುದಿಲ್ಲವೋ ಏನೋ, ನನ್ನ ಚುಕ್ಕಿ ನಡು ಹೊಳೆಯಲ್ಲಿ ನಿಂತುಬಿಟ್ಟಿತ್ತಂತೆ. ಶೋಭಾ ಫೋನ್ ಮಾಡಿದಳು.

“ಅನ್ನೂ, ಹೊಳ್ಯಾಗ ಅದಿಯಲ್ಲೇ!”

“ಹೂಂ, ಈಸಾಕತ್ತೇನಿ,” ಅಂದೆ.

ಆಮೇಲೆ ರಾಜಿ ಫೋನು. ಅವಳ ಕೈಯಿಂದ ಚನ್ನವ್ವ ಕಸಿದುಕೊಂಡರು. “ಏ ಅನ್ನಪೂರ್ಣಾ, ಆರಾಮ ಅದಿಯಿಲ್ಲವಾ? ನಮ್ಮ ಹುಡುಗಿ ಅಳಾಕತ್ತೈತಿ. ಬಸರ ಹೆಂಗಸನ್ನ ಹಿಂಗ ಅಂಜಸತಾರೇನ?” ಟ್ರೇಲರ್ ಬೀಳಿಸಿದ್ದು ನಾನೇ ಅನ್ನುವ ಹಾಗೆ ಬೈದರು. ಹಿತವಾಯಿತು. ನನ್ನನ್ನು ಬೈಯುವವರು ಕಡಿಮೆಯಾಗಿದ್ದಾರೆ. ಗಂಡ ಸತ್ತವಳನ್ನು ಜನ ಬೈಯುವುದಿಲ್ಲ, ಬರೀ ಅಯ್ಯೋ ಅನ್ನುತ್ತಾರೆ.


ಡಿಸೆಂಬರ್ 19, ಹುಕ್ಕೇರಿ ಸ್ಟ್ಯಾಂಡ್

ಇಲ್ಲಿ ಇಪ್ಪತ್ತೈದು ನಿಮಿಷ ಹಾಲ್ಟ್. ಶೋಭಾ ಟೇಲರಿಂಗ್ ಅಂಗಡಿಯಿಂದ ಸೂಜಿ ದಾರದ ಸಮೇತ ಓಡಿಬಂದಳು. ಕೈಯಲ್ಲಿ ಹಸಿರು ಜಂಪರು, ರವಿಕೆಯ ತೋಳಿಗೆ ಜರಿಯಂಚು. ಮಾತಾಡುತ್ತಲೇ ಹುಕ್ಕು ಹಚ್ಚುತ್ತಿದ್ದಳು.

“ಯಾರದ ಇದು?”

“ಗಿರಾಕಿದು,” ಅಂದಳು. ಚೀಲದಲ್ಲಿ ತುರುಕಿದಳು. ಹುಕ್ಕು ಅರ್ಧಕ್ಕೇ ಬಿಟ್ಟಳು.

ರಾಜಿಗೆ ಆರು ತಿಂಗಳು ದಾಟಿತು, ಸೀಮಂತದ ಕುಬಸ ಯಾವಾಗಂತೆ, ಕೇಳಿದೆ. “ಇನ್ನೂ ಏನೂ ಗೊತ್ತಿಲ್ಲಬಿಡು,” ಅಂದು ಚಹಾ ತರಲು ಹೋದಳು. ಶೋಭಾ ಚಹಾ ತರಲು ತಾನಾಗಿ ಹೋದದ್ದು ನನ್ನ ನೆನಪಿನಲ್ಲಿ ಇದೇ ಮೊದಲು.


ಡಿಸೆಂಬರ್ 22, ವಾರದ ರಜೆ

ರಾಜಿಯ ಕುಬಸಕ್ಕೆ ಏನು ಒಯ್ಯಲಿ ಅಂತ ಅತ್ತೆಯನ್ನು ಕೇಳಿದೆ. ಕರದಂಟು ಅಂತೂ ಸರಿ, ಜೊತೆಗೆ ಇನ್ನೇನು? ಬಾಳವ್ವ — ನನ್ನ ಅತ್ತೆ, ಮಲ್ಲೇಶನ ತಾಯಿ — ಜೋಳ ಹಸನು ಮಾಡುತ್ತಿದ್ದವರು ಮೊರ ಕೆಳಗಿಟ್ಟರು.

“ಕರೀತಾರಂತ ಆಶಾ ಇಟ್ಟಕೋಬ್ಯಾಡವಾ. ಕುಬಸಕ್ಕ ಮುತ್ತೈದೇರನ್ನ ಕರೀತಾರ. ನಿನ್ನಂಥಾಕಿ ನನ್ನಂಥಾಕಿ ಹೋಗಿ ಉಡಿ ತುಂಬಾಕ ಬರತೈತೇನ?”

“ಚನ್ನವ್ವ ಹಂಗಲ್ಲ. ದಿನಾ ಸಂಜೀಕ ವಚನಾ ಹೇಳತಾರ.”

“ಹೇಳಲಿ,” ಅಂದರು ಅತ್ತೆ. “ನಾನೂ ಹೇಳತೀನಿ. ನಮ್ಮ ಮನ್ಯಾಗ ಕುಬಸ ಆದಾಗ ನಾನೂ ಯಾವ ರಂಡಿಮುಂಡೇರನ್ನೂ ಕರೀಲಿಲ್ಲ.”

ಇಪ್ಪತ್ತೆರಡು ವರ್ಷದಿಂದ ಗಂಡನಿಲ್ಲದ ಹೆಂಗಸು, ಆ ಶಬ್ದವನ್ನು ಅಷ್ಟು ಸಲೀಸಾಗಿ ಅಂದರು.  ರಾಜಿ ಕರೆಯುತ್ತಾಳೆ. ನನಗೆ ಗೊತ್ತು ಅವಳು.


ಜನವರಿ 6, ಸೋಮವಾರ, ಬೆಳಿಗ್ಗೆ 11, ಮೂಡಲಗಿ

ಬೆಳಿಗ್ಗೆ ಎಂಟಕ್ಕೆ ನೋಡಿದಾಗ ರಾಜಿಯ ಚುಕ್ಕಿ ಇಲ್ಲ. ಶೋಭಾಳದೂ ಇಲ್ಲ. ಎರಡೂ ಒಟ್ಟಿಗೇ ಮಾಯ. ನನ್ನ ಫೋನಿನದೇ ತಕರಾರು ಅಂತ ಎರಡು ಸಲ ಆಫ್ ಮಾಡಿ ಆನ್ ಮಾಡಿದೆ.

ಎರಡನೇ ಟ್ರಿಪ್ಪಿಗೆ ನಾಗನೂರದಲ್ಲಿ ಏಳು ಜನ ಹೆಂಗಸರು ಹತ್ತಿದರು. ರೇಷ್ಮೆ ಸೀರೆ, ತಲೆ ತುಂಬ ಹೂವು. ಬಟ್ಟೆ ಮುಚ್ಚಿದ ಬುಟ್ಟಿಗಳು. ಬಸ್ಸಿನ ತುಂಬ ಹೋಳಿಗೆ ವಾಸನೆ.

“ಎಲ್ಲಿಗ್ರೀ ಎಲ್ಲಾರೂ?”

“ಮಸಗುಪ್ಪಿ ಕ್ರಾಸಿಗ್ರಿ. ಚನ್ನವ್ವನ ಸೊಸಿದು ಕುಬಸ ಐತಲ್ಲ. ಹನ್ನೊಂದ ವರ್ಷಕ್ಕ ಬಸರಾಗ್ಯಾಳ್ರಿ, ಪಾಪ.”

ಒಬ್ಬೊಬ್ಬರ ಆಧಾರ್ ನೋಡಿದೆ. ಏಳು ಫ್ರೀ ಟಿಕೆಟ್ ಹರಿದೆ. ಕೊನೆಯ ಟಿಕೆಟ್ ಕೊಡುವಾಗ ಆ ಹೆಂಗಸು ಕೇಳಿದಳು, “ನಿಮಗ ಗುರ್ತ ಐತೇನ್ರಿ ಆಕಿದು?”

“ಇಲ್ರಿ,” ಅಂದೆ.

ಕ್ರಾಸಿನಲ್ಲಿ ಬುಟ್ಟಿ ಇಳಿಸಲು ಕೈ ಹಚ್ಚಿದೆ. ಅದು ನನ್ನ ಕೆಲಸವಲ್ಲ. ಆದರೂ ಹಚ್ಚಿದೆ. ರಸ್ತೆಯಿಂದ ಅವರ ಮನೆ ಕಾಣುತ್ತದೆ. ಅಂಗಳದಲ್ಲಿ ಪೆಂಡಾಲು, ಮೈಕಿನಲ್ಲಿ ಹಾಡು. ಕಾಕಾ ಕನ್ನಡಿಯಲ್ಲಿ ನನ್ನನ್ನು ನೋಡಿದರು. ನಾನು ಸೀಟಿ ಊದಿದೆ. ಅವರು ಬಿಡಲಿಲ್ಲ. ಎರಡನೇ ಸಲ ಜೋರಾಗಿ ಊದಿದೆ, ಬಿಟ್ಟರು.

ಹಸಿರು ಜಂಪರು ಯಾವ ಗಿರಾಕಿಯದು ಅಂತ ಈಗ ಗೊತ್ತಾಯಿತು.


ಜನವರಿ 6, ರಾತ್ರಿ 8

ಕರೆಯದೇ ಇದ್ದರೆ ಸಹಿಸುತ್ತಿದ್ದೆ. ಅತ್ತೆ ಹೇಳಿದ್ದರು, ಮನಸ್ಸು ಅಷ್ಟಿಷ್ಟು ತಯಾರಾಗಿತ್ತು. ‘ಅನ್ನೂ, ಹಿಂಗ ಐತಿ, ನೀ ಬರಬ್ಯಾಡ’ ಅಂತ ಒಂದು ಮಾತು ಹೇಳಿದ್ದರೆ ಅಳುತ್ತಿದ್ದೆ, ಮರುದಿನ ಮರೆಯುತ್ತಿದ್ದೆ. ಚುಕ್ಕಿ ಬಂದ್ ಮಾಡಿಕೊಂಡು ಕುಂತರಲ್ಲ. ನಾನೇನು ಕಳ್ಳಿಯಾ? ಅಥವಾ ಅವರು ಕಳ್ಳರಾ?

ಅತ್ತೆ ಊಟಕ್ಕೆ ಕರೆಯುತ್ತಿದ್ದಾರೆ. ಹಸಿವಿಲ್ಲ.


ಜನವರಿ 7

ಎರಡೂ ಚುಕ್ಕಿ ವಾಪಸ್. ಏನೂ ಆಗಿಲ್ಲವೇನೋ ಎಂಬಂತೆ, ತಮ್ಮ ತಮ್ಮ ಜಾಗದಲ್ಲಿ.

ಶೋಭಾಳಿಗೆ ಫೋನ್ ಮಾಡಿದೆ. “ನಿನ್ನಿ ಎಲ್ಲಿದ್ದಿ?”

“ಎಲ್ಲಿರತೇನಿ ಮಾರಾಯ್ತಿ, ಅಂಗಡ್ಯಾಗ. ಮೈತುಂಬ ಕೆಲಸ.”

ಸರಿ ಅಂದೆ. ಫೋನಿಟ್ಟೆ. ನನ್ನ ಲೊಕೇಶನ್ ಇಬ್ಬರಿಗೂ ಬಂದ್ ಮಾಡಿದೆ. ಡಿಪೋ ಸಾಹೇಬರ ಹತ್ತಿರ ಹೋಗಿ ರೂಟ್ ಬದಲಿ ಕೇಳಿದೆ, ಯರಗಟ್ಟಿ ಕಡೆ. ಕಾರಣ ಏನಮ್ಮ ಅಂದರು. ಆ ರಸ್ತೆಯ ಧೂಳಿಗೆ ಕೆಮ್ಮು ಬರ್ತದೆ ಸರ್ ಅಂದೆ. ಯರಗಟ್ಟಿ ರಸ್ತೆಯಲ್ಲಿ ಧೂಳೇ ಇಲ್ಲ ಅನ್ನುವ ಹಾಗೆ ಅವರೂ ಒಪ್ಪಿದರು.


ಜನವರಿ 21

ಬರೆಯುವಂಥದ್ದು ಏನೂ ಇಲ್ಲ. ಹೊಸ ಡ್ರೈವರ್ ಮಾತೇ ಆಡುವುದಿಲ್ಲ. ಒಳ್ಳೆಯದೇ. ಶೋಭಾಳ ಫೋನು ಹದಿನಾಲ್ಕು ಸಲ ಬಂದಿದೆ. ರಾಜಿಯದು ಲೆಕ್ಕ ಇಟ್ಟಿಲ್ಲ. ಎತ್ತಿಲ್ಲ.


ಫೆಬ್ರವರಿ 3, ಬೆಳಿಗ್ಗೆ

ನಾನು ಬಂದ್ ಮಾಡಿದ್ದು ನನ್ನ ಚುಕ್ಕಿ ಮಾತ್ರ. ಅವರದು ನನಗೆ ಕಾಣುತ್ತದೆ. ನೋಡಬಾರದು ಅಂತ ಎಷ್ಟು ಅಂದುಕೊಂಡರೂ ಕೈ ಕೇಳುವುದಿಲ್ಲ.

ಹತ್ತು ದಿನದಿಂದ ಒಂದೇ ಸಂಗತಿ. ಏಳೂವರೆಗೆ ರಾಜಿಯ ಚುಕ್ಕಿ ಮನೆ ಬಿಡುತ್ತದೆ. ಕ್ರಾಸಿಗೆ ಬರುತ್ತದೆ. ನನ್ನ ಹಳೆಯ ಬಸ್ಸಿನ ಟೈಮಿಗೆ. ನಿಂತಿರುತ್ತದೆ. ಬಸ್ಸು ಹೋದ ಮೇಲೆ ಹಿಂತಿರುಗುತ್ತದೆ, ಬಹಳ ನಿಧಾನ. ಎಂಟನೇ ತಿಂಗಳ ನಡಿಗೆ.

ನೋಡಿ ಫೋನ್ ಚೀಲಕ್ಕೆ ಹಾಕಿದೆ. ಯಾರಾದರೂ ಹೇಳಿದ್ದರಾ ನಿಲ್ಲು ಅಂತ?


ಫೆಬ್ರವರಿ 8

ಡಿಪೋದಲ್ಲಿ ಮಾಲಿಂಗಪ್ಪ ಕಾಕಾ ಅಡ್ಡ ಬಂದರು.

“ಆ ಹೆಣಮಗಳು ದಿನಾ ನಿಂತಿರತಾಳವಾ. ಬಸ್ಸಿನೊಳಗ ಹಣಕಿ ನೋಡತಾಳ, ಹೊಳ್ಳಿ ಹೋಗತಾಳ. ನಿನ್ನಿ ನಾ ಅಂದೆ, ಆಕಿ ಈ ರೂಟಿಗೆ ಇಲ್ಲ ತಂಗಿ, ಮನಿಗೆ ಹೋಗು. ಗೊತ್ತೈತ್ರಿ ಕಾಕಾ, ಅಂದ್ಲು. ಇವತ್ತ ನೋಡಿದ್ರ ಮತ್ತ ಅಲ್ಲೇ.”

ಮಷಿನ್ನಿಗೆ ಹೊಸ ರೋಲ್ ಹಾಕಿದೆ.

“ಸಿಟ್ಟ ಇರಬೇಕು ಖರೆ,” ಅಂದರು. “ಆದ್ರ ಉಪ್ಪಿನಷ್ಟ ಇರಬೇಕವಾ.”


ಫೆಬ್ರವರಿ 9, ಭಾನುವಾರ

ಶೋಭಾ ಮನೆಗೇ ಬಂದಳು. ಅತ್ತೆ ಚಹಾ ಕೊಟ್ಟು ಹಿತ್ತಲಿಗೆ ಹೋದರು, ಬೇಕೆಂತಲೇ.

“ಬಂದ್ ಮಾಡಿದ್ದು ನಾನು,” ಅಂದಳು. ಬಂದಕೂಡಲೇ ಅದೇ ಮಾತು. “ರಾಜಿ ಫೋನ್ ಸೈತ ನಾನ ಇಸಗೊಂಡು ಬಂದ್ ಮಾಡಿದೆ. ಆಕಿಗೆ ಸಂಜೀತನ ಗೊತ್ತಿದ್ದಿಲ್ಲ. ನಿನಗ ಕಂಡ್ರ ಮನಸಿಗೆ ಹತ್ತತೈತಿ ಅಂತ ಮಾಡಿದೆ, ಅನ್ನೂ.”

“ಕಾಣಬಾರದಂತ ಮಾಡಿದಿ. ನಾಗನೂರದ ಏಳ ಮಂದಿನ ನಾನ ಇಳಿಸೇನಿ ಅಲ್ಲಿ. ಟಿಕೆಟ್ ಹರದ ಕೊಟ್ಟೇನಿ.”

ಅವಳಿಗೆ ಇದು ಗೊತ್ತಿರಲಿಲ್ಲ. ಕೈಯಲ್ಲಿದ್ದ ಬಟ್ಟಲು ಹಾಗೇ ನಿಂತಿತು. ಆಮೇಲೆ ಅತ್ತಳು. ಶೋಭಾ ಅಳುವುದು ನೋಡಲಾಗುವುದಿಲ್ಲ, ಮೂಗೆಲ್ಲ ಕೆಂಪಾಗುತ್ತದೆ. ನನಗೂ ಅಳು ಬಂತು.

ನಡೆದದ್ದು ಇಷ್ಟು. ಅನ್ನೂ ಬರದಿದ್ದರೆ ಕುಬಸವೇ ಬೇಡ ಅಂತ ರಾಜಿ ಹಟ ಹಿಡಿದಳಂತೆ, ಎರಡು ದಿನ ಉಂಡಿಲ್ಲ. ಚನ್ನವ್ವ ಬೈಯಲಿಲ್ಲ. ಸೊಸೆಯ ಕೈ ಹಿಡಿದು ಕೂತು ಅತ್ತರಂತೆ. ‘ಆಕಿ ಮ್ಯಾಲ ನನಗೇನ ಸಿಟ್ಟಿಲ್ಲ. ನನಗ ಅಂಜಿಕಿ. ಹನ್ನೊಂದ ವರ್ಷ ಆತು. ಕೂಸ ಕೈಗೆ ಬರೂತನ ಯಾವದನ್ನೂ ಕೆಣಕಬಾರದು.’ ಆಮೇಲೆ ರಾಜಿ ಸುಮ್ಮನಾದಳು.

“ಆಕಿನ ಒಮ್ಮೆ ಭೆಟ್ಟಿ ಆಗು,” ಅಂದಳು ಶೋಭಾ, ಹೊರಡುವಾಗ. ಅವಳನ್ನು ಬಸ್ಸಿಗೆ ಹತ್ತಿಸಿ ಬಂದೆ.


ಫೆಬ್ರವರಿ 11, ಮುಂಜಾನೆ 4.30

ಖರೆ ಹೇಳುತ್ತೇನೆ, ಈ ಡೈರಿಗಾದರೂ. ಸಿಟ್ಟು ಹತ್ತು ದಿನದಲ್ಲಿ ಇಳಿದಿತ್ತು. ಆಮೇಲೆ ಕ್ರಾಸಿಗೆ ಹೋಗದಿದ್ದದ್ದು ಸಿಟ್ಟಿನಿಂದಲ್ಲ. ನನಗೂ ಅಂಜಿಕೆ.

ನಾನು ಹೋಗಿ ಅವಳನ್ನು ಮುಟ್ಟಿ, ನಾಳೆ ಹೆಚ್ಚುಕಡಿಮೆ ಆದರೆ? ಚನ್ನವ್ವ ಅನ್ನುವುದು ಬೇಡ, ಊರು ಅನ್ನುವುದು ಬೇಡ. ನಾನೇ ಅಂದುಕೊಳ್ಳುತ್ತೇನೆ, ಜೀವ ಇರುವವರೆಗೆ. ಪಿಯುಸಿಯಲ್ಲಿ ಸೈನ್ಸ್ ಓದಿದವಳು, ದಿನಕ್ಕೆ ನಾಲ್ಕುನೂರು ಜನರ ಕೈಗೆ ಕೈ ತಾಗಿಸಿ ಟಿಕೆಟ್ ಕೊಡುವವಳು. ಅವರಲ್ಲಿ ಎಷ್ಟು ಬಸುರಿಯರಿದ್ದರೋ. ಎಲ್ಲರೂ ಹಡೆದು ಚೆನ್ನಾಗಿಯೇ ಇದ್ದಾರೆ. ಆದರೂ ಅಂಜಿಕೆ. ಚನ್ನವ್ವನ ಮೇಲೆ ಯಾವ ಬಾಯಿಂದ ಸಿಟ್ಟು ಮಾಡಲಿ?

ರಾಜಿ ಮಾತ್ರ ಅಂಜಿಲ್ಲ. ದಿನಾ ಬಂದು ನಿಲ್ಲುತ್ತಾಳೆ.


ಫೆಬ್ರವರಿ 13, ಸಂಜೆ

ಹಳೆಯ ರೂಟ್ ಕೇಳಿ ತೆಗೆದುಕೊಂಡೆ. ಕೆಮ್ಮು ಹೋಯಿತೇನಮ್ಮ ಅಂದರು ಸಾಹೇಬರು.

ಲೊಕೇಶನ್ ಆನ್ ಮಾಡಿದ್ದು ಅರಭಾವಿ ದಾಟಿದ ಮೇಲೆ. ಮೊದಲೇ ಮಾಡಿದ್ದರೆ ವಾಪಸ್ ಬಂದ್ ಮಾಡಿಬಿಡುತ್ತಿದ್ದೆ. ಕ್ರಾಸಿನಲ್ಲಿ ಕಾಕಾ ಬಸ್ಸನ್ನು ಅವಳ ಕಾಲ ಹತ್ತಿರವೇ ತಂದು ನಿಲ್ಲಿಸಿದರು. ಇಬ್ಬರು ಕಾಲೇಜು ಹುಡುಗಿಯರು ಕೈ ಹಿಡಿದು ಹತ್ತಿಸಿದರು. ಮುಖ ಊದಿಕೊಂಡಿತ್ತು, ಕಾಲೂ. ನೆಟ್ಟಗೆ ಬಂದು ನನ್ನ ಸೀಟಿನಲ್ಲಿ ಕೂತಳು. ಕೈಯಲ್ಲೊಂದು ಚೀಲ. ತೆಗೆದು ನನ್ನ ಮುಂದೆ ಹಿಡಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಎಲೆ ಅಡಿಕೆ, ಒಂದು ಜಂಪರ್ ಪೀಸು.

“ದಿನಾ ಇದನ್ನ ಹಿಡಕೊಂಡ ಬಂದೇನಿ. ಎಲಿ ಒಣಗಿದ್ವು, ನಾಕ ಸಲ ಬದಲಿ ಮಾಡೇನಿ,” ಅಂದಳು. ಸೆರಗು ಹರಡಿದಳು. “ಉಡಿ ತುಂಬು.”

“ಮಂದಿ ನೋಡಾಕತ್ತಾರ, ರಾಜಿ.”

“ನೋಡಲಿ. ನನಗ ಅವ್ವ ಇಲ್ಲ. ಕುಬಸದಾಗ ತವರ ಕಡಿಂದ ಉಡಿ ತುಂಬಾಕ ಒಬ್ಬರೂ ಇದ್ದಿಲ್ಲ. ನೀನ ತುಂಬು.”

“ನಿಮ್ಮತ್ತಿಗೆ ಗೊತ್ತೈತೇನ?”

“ಇಲ್ಲ. ಸಂಜಿಮುಂದ ನಾನ ಹೇಳತೇನಿ. ಮುಚ್ಚಿಡೂದು ಸಾಕಾಗೈತಿ.”

ಕಾಕಾ ಎಂಜಿನ್ ಬಂದ್ ಮಾಡಿದರು.  ಹಿಂದೆ ಒಬ್ಬ ಹೆಂಗಸು ಏನೋ ಗೊಣಗಿದಳು, ಇನ್ನೊಬ್ಬಳು “ಸುಮ್ಮಕಿರವಾ” ಅಂದಳು. ಬೊಗಸೆಯಲ್ಲಿ ಅಕ್ಕಿ ತೆಗೆದುಕೊಂಡೆ. ಅರ್ಧ ಅಕ್ಕಿ ಬಸ್ಸಿನ ನೆಲಕ್ಕೆ ಬಿತ್ತು. ಐದು ಸಲ ತುಂಬಿದೆ. ಪ್ರತಿ ಸಲವೂ ಮನಸ್ಸಿನಲ್ಲಿ ಒಂದೇ ಮಾತು: ಇವಳಿಗೆ ಏನೂ ಆಗದಿರಲಿ, ಆಗುವುದಿದ್ದರೆ ನನಗಾಗಲಿ.

ಆರು ನಿಮಿಷ ಲೇಟು. ಕಾಕಾ ಕಾರಣ ಬರೆಸಿದರು, ‘ಎಮ್ಮೆ ಅಡ್ಡ’.


ಫೆಬ್ರವರಿ 14

ರಾಜಿಯ ಚುಕ್ಕಿ ಕ್ರಾಸಿಗೆ ಬರಲಿಲ್ಲ.


ಫೆಬ್ರವರಿ 15

ಇಲ್ಲ. ಫೋನ್ ಎತ್ತುವುದಿಲ್ಲ.


ಫೆಬ್ರವರಿ 18

ಶೋಭಾ ಹೋಗಿ ನೋಡಿ ಬಂದಳು. ರಾಜಿಗೆ ಬಿ.ಪಿ. ಏರಿದೆ. ಹಾಸಿಗೆ ಬಿಟ್ಟು ಏಳಬಾರದು, ಫೋನ್ ಮುಟ್ಟಬಾರದು ಅಂದಿದ್ದಾರೆ ಡಾಕ್ಟರು. ಬಸ್ಸಿನಲ್ಲಿ ಉಡಿ ತುಂಬಿಸಿಕೊಂಡದ್ದನ್ನು ಅವತ್ತೇ ಅತ್ತೆಗೆ ಹೇಳಿದ್ದಾಳೆ. ಚನ್ನವ್ವ ಬೈದಿಲ್ಲ. ನಾಲ್ಕು ದಿನದಿಂದ ಯಾರ ಜೊತೆಗೂ ಮಾತಿಲ್ಲವಂತೆ. ದೇವರ ಮುಂದೆ ಕೂತಿದ್ದಾರಂತೆ.

“ನನ್ನ ಕೈ, ಶೋಭಾ...” ಅಂದೆ.

“ಹುಚ್ಚಿ ಅದಿಯೇನ? ಡಾಕ್ಟರ ಹೇಳ್ಯಾರ, ಬಾಳ ಮಂದಿಗೆ ಕಡೀ ತಿಂಗಳದಾಗ ಬಿ.ಪಿ. ಬರತೈತಂತ. ನಿನ್ನ ಕೈಯಾಗ ಏನೈತಿ, ಮಷಿನ್ ಒಂದ.”

ಅವಳು ನಗಿಸಲು ಹೇಳಿದ್ದು. ನಗು ಬರಲಿಲ್ಲ.


ಮಾರ್ಚ್ 2

ಚುಕ್ಕಿ ಮನೆಯಲ್ಲೇ. ಹದಿನೇಳು ದಿನ. ಊಟ ರುಚಿಸುವುದಿಲ್ಲ, ಚಿಲ್ಲರೆ ಎರಡು ಸಲ ತಪ್ಪಿ ಕೊಟ್ಟೆ. ಅತ್ತೆ ಏನೂ ಕೇಳುವುದಿಲ್ಲ, ರಾತ್ರಿ ನನ್ನ ಹಾಸಿಗೆಯ ಹತ್ತಿರ ತಮ್ಮ ಹಾಸಿಗೆ ಎಳೆದುಕೊಂಡಿದ್ದಾರೆ.

ಕ್ರಾಸ್ ಬಂದಾಗ ಕಾಕಾ ಸುಮ್ಮನೆ ಒಂದು ಉದ್ದ ಹಾರ್ನ್ ಹಾಕುತ್ತಾರೆ. ಯಾಕೆ ಅಂದರೆ, “ಹಾರ್ನ್ ಚೆಕ್ ಮಾಡಿದೆ,” ಅನ್ನುತ್ತಾರೆ. ದಿನಾ ಅಲ್ಲೇ ಚೆಕ್ ಮಾಡುತ್ತಾರೆ.


ಮಾರ್ಚ್ 11, ಬೆಳಿಗ್ಗೆ 9.05, ಗೋಕಾಕ ಸ್ಟ್ಯಾಂಡ್

ಮೂಡಲಗಿಯಿಂದ ವಾಪಸ್ ಬರುವಾಗ ನೋಡಿದೆ, ರಾಜಿಯ ಚುಕ್ಕಿ ಓಡುತ್ತಿತ್ತು. ನಮ್ಮ ಹಿಂದೆಯೇ. ಅರಭಾವಿಯ ಹತ್ತಿರ ಎರಡೂ ಚುಕ್ಕಿ ಒಂದರ ಮೇಲೊಂದು ಬಂದವು. ಕಿಟಕಿಯಿಂದ ಹಣಕಿದೆ. ಬಿಳಿ ಜೀಪೊಂದು ಹಾರ್ನ್ ಹಾಕುತ್ತ ನಮ್ಮನ್ನು ಹಿಂದೆ ಹಾಕಿತು. ಒಳಗೆ ಯಾರಿದ್ದರೋ ಕಾಣಲಿಲ್ಲ. ಚುಕ್ಕಿ ಮುಂದೆ ಹೋಗಿ ಗೋಕಾಕಿನ ಆಸ್ಪತ್ರೆಯಲ್ಲಿ ನಿಂತಿತು.

ಇಲ್ಲಿಂದ ಆಸ್ಪತ್ರೆಗೆ ಹತ್ತು ನಿಮಿಷದ ಹಾದಿ. ಮುಂದಿನ ಟ್ರಿಪ್ 9.30ಕ್ಕೆ. ಕಾಕಾ “ಹೋಗಿ ಬಾರವಾ” ಅಂದರು. ಏಳಲಿಲ್ಲ.  ಯಾರು ಕರೆದಿದ್ದಾರೆ ನನ್ನನ್ನು? ಕಂಡಕ್ಟರ್ ರೂಮಿನ ಬೆಂಚಿನ ಮೇಲೆ ಕೂತು ಚುಕ್ಕಿ ನೋಡುತ್ತಿದ್ದೇನೆ.

ಹೊರಟಿತು. ಆಸ್ಪತ್ರೆ ಬಿಟ್ಟು ಹೊರಟಿತು. ನಡಿಗೆಯ ವೇಗ. ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಈ ಕಡೆಗೇ. ಎದ್ದು ಬರುತ್ತಿದ್ದಾಳಾ, ಆ ಸ್ಥಿತಿಯಲ್ಲಿ? ಅಥವಾ ಏನಾದರೂ...


9.25

ರಾಜಿ ಅಲ್ಲ. ಚನ್ನವ್ವ.

ಸ್ಟ್ಯಾಂಡಿನ ಬಾಗಿಲಲ್ಲಿ ನಿಂತು ಎದುರಾದವರಿಗೆಲ್ಲ ಫೋನ್ ತೋರಿಸಿ ಕೇಳುತ್ತಿದ್ದರು. ನಾನು ಓಡಿಹೋದೆ. 

“ಇನ್ನೂ ಹಡದಿಲ್ಲ,” ಅಂದರು, ನನ್ನ ಮುಖ ನೋಡಿ, ನಾನು ಕೇಳುವ ಮುಂಚೆ. “ಒಳಗ ಒಯ್ದಾರ. ಆಕಿ ನಿನ್ನ ಕೇಳಾಕತ್ತಾಳ. ಈ ಫೋನ್ ನನ್ನ ಕೈಯಾಗ ಕೊಟ್ಟ, ಇದರಾಗಿನ ಚುಕ್ಕಿ ಇದ್ದಲ್ಲಿ ಹೋಗಿ ಅನ್ನೂನ ಕರಕೊಂಡ ಬಾ ಅಂದ್ಲು. ನನಗೇನ ಓದಾಕ ಬರತೈತಿ? ಹಾದ್ಯಾಗ ಮಂದಿನ ಕೇಳಕೋತ ಬಂದೆ.”

“ಯಾರ ಕಡಿಂದರ ಫೋನ್ ಮಾಡಿಸಿದ್ರ ಬರತಿದ್ನೆಲ್ರೀ, ಅವ್ವಾರ.”

“ಹೆಂಗ ಬರತಿ? ಅವತ್ತ ಕರೀಲಾರದಾಕಿ ನಾನು. ಕರಿಯಾಕೂ ನಾನ ಬರಬೇಕಲ್ಲ.”

 ನನ್ನ ಬಾಯಿಂದ ಬಂದದ್ದು ಇಷ್ಟೇ: “ನನಗ ಅಂಜಿಕಿ ಬರತೈತ್ರಿ.”

ಚನ್ನವ್ವ ಸೆರಗಿನಿಂದ ಮುಖ ಒರೆಸಿಕೊಂಡರು. “ನನಗೂ ಬರತೈತವಾ. ಇನ್ನೂ ಹೋಗಿಲ್ಲ, ಸುಳ್ಳ ಯಾಕ ಹೇಳಲಿ. ಇಬ್ರೂ ಅಂಜಕೋತ ಹೋಗೂಣು, ನಡಿ.”

ಕಾಕಾ ಬದಲಿ ಕಂಡಕ್ಟರ್ ಕರೆತರಲು ಹೋಗಿದ್ದಾರೆ. ಮಷಿನ್ ಅವನಿಗೆ ಒಪ್ಪಿಸುವವರೆಗೆ ನಾನು ಹೋಗುವಂತಿಲ್ಲ. ಎರಡು ನಿಮಿಷ. ಸುಮ್ಮನೆ ಕೂರಲಾಗದೆ ಇಷ್ಟು ಬರೆದೆ, ಅಕ್ಷರ ಸೊಟ್ಟಸೊಟ್ಟ. ಚನ್ನವ್ವ ಬೆಂಚಿನ ತುದಿಯಲ್ಲಿ ಕೂತಿದ್ದವರು ಎದ್ದರು. ಬದಲಿಯವನು ಬಂದ. ಮಷಿನ್ ಮೇಜಿನ ಮೇಲಿದೆ, ತೋರಿಸಿದೆ. ಮುದುಕಿಗೆ ತಡೆಯಲಾಗುತ್ತಿಲ್ಲ, ಹತ್ತಿರ ಬಂದು ಬರೆಯುತ್ತಿರುವ ನನ್ನ ಬಲಗೈ ಹಿಡಿ—